ಬೇಲಿ ಕೆಳಗಿನ ಬಾಲಯೇಸು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾದರೂ ಇನ್ನು ಈ ಜನ್ಮದಲ್ಲಿ ನನ್ನ ಗಂಟಲಿಗೆ ಫಿಲ್ಟರ್ ಕಾಫಿ ಇಳಿಯದಿರಲಿ. ಐರ್ಲೆಂಡಿನಲ್ಲಿ ಕೂತು ಇಂಥ ಆಣೆ ಇಡುವುದು ಸುಲಭ ಅನ್ನಬೇಡಿ, ಮೊನ್ನೆಯಷ್ಟೇ ಊರಿಂದ ಒಂದು ಕಿಲೋ ಪುಡಿ ಬಂದಿದೆ. ದ್ವೀಪದ ಹೆಸರು ಮಾತ್ರ ಕೇಳಬೇಡಿ. ಸ್ಲೈಗೋದಿಂದ ಕಾರಿನಲ್ಲಿ ಅರ್ಧ ಗಂಟೆ, ಸಮುದ್ರ ಇಳಿದಾಗ ಮಾತ್ರ ದಾರಿ ಕಾಣುತ್ತದೆ. ಅಷ್ಟು ಸಾಕು.

ಎಲ್ಲಾ ಶುರುವಾಗಿದ್ದು ಒಂದು ಫಾರ್ಮಿನಿಂದ. ಭದ್ರಾವತಿಯ ಫಾದರ್ ಮಿಥುನ್‌ಗೆ ಇಪ್ಪತ್ತೊಂಬತ್ತು ವರ್ಷ. ಎದುರಿಗೆ ಸಿಕ್ಕರೆ ನಾನೂ ಬಹುವಚನವೇ, ಕತೆಯಲ್ಲಿ ಮಾತ್ರ ಏಕವಚನ. ಮಿಷನರಿಯಾಗಿ ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದ ಫಾರ್ಮಿನಲ್ಲಿ ಅವನು ದುಂಡಗೆ ಬರೆದಿದ್ದ: ‘ಬಿಸಿಲಿರುವ ದ್ವೀಪ.’ ತೆಂಗಿನ ಮರ, ನೀಲಿ ಸಮುದ್ರ, ಮರಳಿನ ಮೇಲೆ ಕೂತು ಉಪದೇಶ ಕೇಳುವ ಜನ, ಎಲ್ಲಾ ಕಣ್ಣಿಗೆ ಕಟ್ಟಿತ್ತು. ಅರ್ಧ ತೋಳಿನ ಆರು ಬಿಳಿ ನಿಲುವಂಗಿ ಹೊಲಿಸಿಕೊಂಡ. ಒಂದು ಹುಲ್ಲಿನ ಟೋಪಿ, ಒಂದು ಸೊಳ್ಳೆ ಪರದೆ ಕೊಂಡ. ಬೆಂಗಳೂರಿನ ದೊಡ್ಡ ಫಾದರ್ ಅವನ ಕೋರಿಕೆಯಲ್ಲಿ ಅರ್ಧ ಮಂಜೂರು ಮಾಡಿದರು.

“ದ್ವೀಪ ಕೇಳಿದ್ದೆ, ದ್ವೀಪ ಕೊಟ್ಟಿದೀವಿ. ಬಿಸಿಲು ನಮ್ ಕೈಲಿಲ್ಲಪ್ಪ.”

ಹಾಗೆ ಈ ಐರಿಶ್ ದ್ವೀಪಕ್ಕೆ ಬಂದು ಎರಡು ವರ್ಷವಾಗಿತ್ತು. ಬೆಳಗಿನ ಪೂಜೆಗೆ ಹನ್ನೊಂದು ಮುದುಕಿಯರು, ಒಂದು ನಾಯಿ. ಆಮೇಲೆ ಟ್ರ್ಯಾಕ್ಟರಿಗೆ ಆಶೀರ್ವಾದ, ಕುರಿಗೆ ಆಶೀರ್ವಾದ, ಕೆಟ್ಟುಹೋದ ಬಾಯ್ಲರಿಗೂ ಆಶೀರ್ವಾದ. ಒಂದು ಮನೆಯ ಟೀ ಹೊಟ್ಟೆಯಲ್ಲಿ ಕುಲುಕುತ್ತಿರುವಾಗಲೇ ಮುಂದಿನ ಮನೆಯ ಟೀ. ಹೇಗಿದ್ದೀರಿ ಎಂದರೆ ಇಲ್ಲಿಯವರ ಬಾಯಲ್ಲಿ ಒಂದೇ ಮಾತು: ಮಳೆ ಬಂದರೂ ‘ಗ್ರ್ಯಾಂಡ್’, ಗಾಳಿಗೆ ಕೊಟ್ಟಿಗೆಯ ಸೂರು ಹಾರಿಹೋದರೂ ‘ಗ್ರ್ಯಾಂಡ್’. ಬಿಳಿ ನಿಲುವಂಗಿಯ ಮೇಲೆ ಮೂರು ಸ್ವೆಟರ್ ಏರಿಸಿಕೊಂಡು ಮಿಥುನ್ ಪ್ರಯಾಣಕ್ಕೆ ಸುತ್ತಿಟ್ಟ ಹಾಸಿಗೆಯಂತೆ ಓಡಾಡುತ್ತಿದ್ದ.

ಕೊನೆಗೆ ದೊಡ್ಡ ಫಾದರ್ ಕರಗಿದರು. ಪೆಸಿಫಿಕ್ ಸಮುದ್ರದಲ್ಲಿ ಅಪ್ಪಟ ಬಿಸಿಲಿನ ದ್ವೀಪವೊಂದರಲ್ಲಿ ಜಾಗ ಖಾಲಿಯಾಗಿದೆ. ಈಗಿರುವ ಊರಿನ ಚರ್ಚ್ ಕಮಿಟಿಯಿಂದ ಒಳ್ಳೆಯ ಕಾಗದ ಬಂದರೆ ಅವನಿಗೇ. ಕಮಿಟಿ ಎಂದರೆ ಬ್ರೀಡಿ. ವಯಸ್ಸು ಎಂಬತ್ತಮೂರು, ಮೂವತ್ತು ವರ್ಷದಿಂದ ಅಧ್ಯಕ್ಷೆ. ಅಷ್ಟು ವಯಸ್ಸಾದವರನ್ನು ಬರೀ ಹೆಸರು ಹಿಡಿದು ಕರೆಯಲು ಬಾಯಿ ಬಾರದೆ ಮಿಥುನ್ ‘ಅಜ್ಜಿ’ ಅನ್ನುತ್ತಿದ್ದ. ಅದೇನೋ ದೊಡ್ಡ ಬಿರುದು ಎಂದುಕೊಂಡು ಇಡೀ ದ್ವೀಪ ಹಾಗೇ ಕರೆಯತೊಡಗಿತ್ತು.

“ಶುಕ್ರವಾರ ಮೊಮ್ಮಗಳು ಈಫಾ ಮದುವೆ. ಅದೊಂದು ಮುಗೀಲಿ, ನಿನ್ನ ಕಾಗದ ಬರೀತೀನಿ,” ಎಂದಿದ್ದಳು ಅಜ್ಜಿ. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ಮಿಥುನ್‌ಗೆ ಕೇಳಿಸಿದ್ದು ಸಂಗೀತದಲ್ಲಿ.

ಆ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮಿಥುನ್ ವಾಕಿಂಗ್ ಹೊರಟ. ಜಿನುಗು ಮಳೆ. ಅಜ್ಜಿಯ ಮನೆಯ ಬೇಲಿಯ ಬುಡದಲ್ಲಿ ಏನೋ ಕೆಂಪಗೆ ಕಂಡಿತು. ಬಗ್ಗಿ ನೋಡಿದರೆ ಬಾಲಯೇಸು! ಒಂದು ಮೊಳದ ಪ್ಲಾಸ್ಟರ್ ವಿಗ್ರಹ. ಕೆಂಪು ಮೇಲಂಗಿ, ತಲೆ ಮೇಲೆ ಕಿರೀಟ, ಕಿರೀಟದ ಮೇಲೆ ಒಂದು ಬಸವನಹುಳು.

ಮಿಥುನ್ ಅಲ್ಲೇ ಕೆಸರಲ್ಲಿ ಮಂಡಿಯೂರಿದ. ಚಿಕ್ಕಂದಿನಲ್ಲಿ ಗುರುವಾರ ಬಂದರೆ ಬಾಲಯೇಸುವಿಗೆ ಮಲ್ಲಿಗೆ ಹಾರ ಹಾಕುವವರೆಗೆ ಅಮ್ಮ ಅವನಿಗೆ ತಿಂಡಿ ಕೊಡುತ್ತಿರಲಿಲ್ಲ. ಆ ಬಾಲಯೇಸು ಇಲ್ಲಿ ನೆನೆದ ಬೆಕ್ಕಿನ ಮರಿಯ ಹಾಗೆ ಬೇಲಿ ಕೆಳಗೆ! ಯಾರೋ ಕದ್ದು ಎಸೆದು ಹೋಗಿರಬೇಕು. ಅಜ್ಜಿಯನ್ನು ಎಬ್ಬಿಸೋಣ ಎಂದರೆ ಮದುವೆ ಮನೆ, ಇಷ್ಟು ಬೇಗ ಬೇಡ. ವಿಗ್ರಹವನ್ನು ಸ್ವೆಟರಿನೊಳಗೆ ತುರುಕಿಕೊಂಡು ಮನೆಗೆ ತಂದ. ಪಕ್ಕದ ಮನೆಯಿಂದ ವಿನೋದಿನಿಯ ಹೇರ್ ಡ್ರೈಯರ್ ಕೇಳಿ ತಂದು ತಲೆಯಿಂದ ಕಾಲಿನವರೆಗೆ ಒಣಗಿಸಿ, ಹೀಟರ್ ಪಕ್ಕ ಕೂರಿಸಿ, ಮೇಣದಬತ್ತಿ ಹಚ್ಚಿದ. ಬಾಲಯೇಸು ಬೆಚ್ಚಗಾದ. ಹೊರಗೆ ಮಳೆ ದಪ್ಪವಾಯಿತು.

ಒಂಬತ್ತಕ್ಕೆ ಬಾಗಿಲು ಬಡಿದವನು ವಿನೋದಿನಿಯ ಗಂಡ ಗುರುಪ್ರಸಾದ. ವಿನೋದಿನಿ ಸ್ಲೈಗೋ ಆಸ್ಪತ್ರೆಯಲ್ಲಿ ನರ್ಸು. ಮೈಸೂರಿನ ಗುರುಪ್ರಸಾದ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವನು. ಅಂದರೆ ಕೊರಳಿಗೆ ಹೆಡ್‌ಸೆಟ್ ನೇತುಹಾಕಿಕೊಂಡು ಊರೆಲ್ಲಾ ತಿರುಗುವವನು.

“ಫಾದರ್, ವಿಷಯ ಗೊತ್ತಾಯ್ತಾ? ಅಜ್ಜಿ ಮನೆ ಬಾಲಯೇಸೂನ ಯಾರೋ ಕದ್ದವ್ರಂತೆ!”

“ಕದ್ದಿದ್ದಲ್ಲ ಗುರುಪ್ರಸಾದ್, ಪಾಪ, ಬೇಲಿ ಕೆಳಗೆ ಬಿದ್ದಿತ್ತು, ನಾನು...”

“ಬಿದ್ದಿತ್ತಾ? ಅವರೇ ಇಟ್ಟಿದ್ದು! ಇಲ್ಲಿ ಪದ್ಧತಿ ಅದು. ಮದುವೆ ಹಿಂದಿನ ದಿನ ಬಾಲಯೇಸೂನ ಬೇಲಿ ಕೆಳಗೆ ಇಟ್ರೆ ಮಾರನೇ ದಿನ ಬಿಸಿಲು ಗ್ಯಾರಂಟಿ. ಎತ್ತಿದ್ರೋ, ಮಳೆ. ಎರಡು ವರ್ಷದಿಂದ ಇಲ್ಲೇ ಇದೀರಾ, ಯಾರೂ ಹೇಳ್ಲಿಲ್ವಾ?” ಅಷ್ಟರಲ್ಲಿ ಅವನ ಕಣ್ಣು ಹೀಟರಿನ ಕಡೆ ಹೋಯಿತು. ಬಾಯಿ ತೆರೆದುಕೊಂಡಿತು. ಹೆಡ್‌ಸೆಟ್ಟಿನಲ್ಲಿ ಯಾರೋ ಕರೆದರು. “ಯೆಸ್ ಯೆಸ್, ವರ್ಕಿಂಗ್ ಆನ್ ಇಟ್,” ಎಂದು ಅದರ ಬಾಯಿ ಮುಚ್ಚಿ, ಪಿಸುಗುಟ್ಟಿದ: “ಫಾದರ್! ಕಳ್ಳ ನೀವಾ?”

“ಅಜ್ಜಿ ಏನಂತಿದಾರೆ?”

“ಕದ್ದೋನು ಸಿಕ್ಲಿ, ಬಟ್ಟೆ ಬರೆ ಸಮೇತ ಈ ದ್ವೀಪದಿಂದ ಆಚೆ ಹಾಕಿಸ್ತೀನಿ ಅಂತವ್ರೆ.”

ದ್ವೀಪದಿಂದ ಆಚೆ ಹೋಗುವುದಕ್ಕೇ ಮಿಥುನ್ ಎರಡು ವರ್ಷದಿಂದ ಪ್ರಾರ್ಥಿಸುತ್ತಿದ್ದದ್ದು. ಆದರೆ ಈ ರೀತಿ ಆಚೆ ಹೋದರೆ ವಿಮಾನ ಇಳಿಯುವುದು ಪೆಸಿಫಿಕ್‌ನಲ್ಲಲ್ಲ. ದೊಡ್ಡ ಫಾದರ್ ಅವನನ್ನು ಯಾವುದಾದರೂ ಹಾಸ್ಟೆಲಿನ ಉಗ್ರಾಣ ನೋಡಿಕೊಳ್ಳಲು ಕೂರಿಸುತ್ತಾರೆ.

“ಯಾರಿಗೂ ಕಾಣದ ಹಾಗೆ ವಾಪಸ್ ಇಟ್ಟು ಬರ್ತೀನಿ. ನೀವು ಬರಬೇಡಿ,” ಎಂದ ಮಿಥುನ್.

“ಛೇ ಛೇ, ನಾನ್ಯಾಕೆ ಬರ್ಲಿ,” ಎಂದ ಗುರುಪ್ರಸಾದ.

ಹತ್ತೂವರೆಗೆ ಮಿಥುನ್ ಅಜ್ಜಿಯ ಹಿತ್ತಲಿನ ಕಲ್ಲುಗೋಡೆ ಹತ್ತಿದ್ದ. ವಿಗ್ರಹ ಸೊಳ್ಳೆ ಪರದೆಯಲ್ಲಿ ಸುತ್ತಿ, ಹುಲ್ಲಿನ ಟೋಪಿಯಲ್ಲಿ ಕೂತಿತ್ತು. ಕೊನೆಗೂ ಎರಡಕ್ಕೂ ಒಂದು ಕೆಲಸ ಸಿಕ್ಕಿತ್ತು. ಒಂದು ಕಾಲು ಗೋಡೆಯ ಆಚೆ, ಒಂದು ಈಚೆ, ಎದುರಿಗೆ ಒಂದು ಟಗರು. ಟಗರು ಸುಮ್ಮನಿತ್ತು. ಬೆನ್ನ ಹಿಂದಿನಿಂದ ಗುರುಪ್ರಸಾದ ಕೂಗಿದ:

“ಫಾದರ್! ಯಾರೂ ನೋಡ್ತಿಲ್ಲ! ನಾನ್ ಕಾಯ್ತಾ ಇದೀನಿ!”

ಟೋಪಿ ಜಾರಿತು. ಟಕ್ ಎಂದಿತು. ಬಾಲಯೇಸುವಿನ ತಲೆ ಕಿರೀಟ ಸಮೇತ ಗೋಲಿಯ ಹಾಗೆ ಉರುಳಿ ಟಗರಿನ ಮುಂದೆ ನಿಂತಿತು. ಟಗರು ಮೂಸಿತು. ಮಿಥುನ್ ಹಾರಿ ತಲೆ ಕಸಿದುಕೊಂಡು, ಮುಂಡವನ್ನು ಟೋಪಿ ಸಮೇತ ಬಾಚಿಕೊಂಡು ಓಡಿದ. ಓಡುವಾಗ ಮಳೆ ಥಟ್ಟನೆ ನಿಂತು ಬೆನ್ನ ಮೇಲೆ ಬಿಸಿಲು ಬಿತ್ತು. ಮೈಯೆಲ್ಲಾ ಬೆವರಿತು. ಹೆದರಿಕೆಯ ಬೆವರು ಎಂದುಕೊಂಡ.

ವಿನೋದಿನಿಯ ಅಡುಗೆಮನೆಯಲ್ಲಿ ತುರ್ತು ಸಭೆ ಸೇರಿತು. ಮುಂಡ ಮೇಜಿನ ಮೇಲೆ ಮಲಗಿತ್ತು, ತಲೆ ಪಕ್ಕದ ತಟ್ಟೆಯಲ್ಲಿತ್ತು.

“ಭಿನ್ನ ಆಗಿರೋ ವಿಗ್ರಹ ಮನೇಲಿ ಇಟ್ಕೋಬಾರ್ದು ಫಾದರ್,” ಎಂದ ಗುರುಪ್ರಸಾದ. “ನೀರಿಗೆ ಬಿಟ್ಬಿಡೋಣ. ನಮ್ಮೂರಲ್ಲಾದ್ರೆ ಕೆರೆ ಹುಡುಕ್ಕೊಂಡು ಹೋಗ್ಬೇಕು. ಇಲ್ಲಿ ಸುತ್ತಲೂ ಸಮುದ್ರಾನೇ ಐತೆ.”

“ಮದುವೆ ದಿನ ಅವರ ದೇವರನ್ನ ಸಮುದ್ರಕ್ಕೆ ಹಾಕ್ತೀಯಾ? ಬುದ್ಧಿ ಎಲ್ಲಿಟ್ಟಿದೀಯಾ?” ಎಂದಳು ವಿನೋದಿನಿ. ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ ಇದು ಇನ್ನೊಂದು ಕೇಸು ಅಷ್ಟೆ. ಕತ್ತನ್ನು ತಿರುಗಿಸಿ ನೋಡಿದಳು. “ಕ್ಲೀನ್ ಬ್ರೇಕ್ ಫಾದರ್. ಅಂಟಿಸಿದ್ರೆ ಗೊತ್ತೂ ಆಗಲ್ಲ. ಗುರು, ಊರಿಂದ ತಂದಿದ್ಯಲ್ಲ ಗಮ್ಮು, ಕೊಡು.”

“ಭಿನ್ನ ಆಗಿರೋದನ್ನ ಮುಟ್ಟಿದ್ರೆ ದೋಷ ಕಣೇ!”

“ದೋಷ ನಂಗಿರ್ಲಿ, ಗಮ್ಮು ಕೊಡು.”

ಗಮ್ಮಿನ ಡಬ್ಬಿಯ ಮೇಲೆ ‘ಇಪ್ಪತ್ತನಾಲ್ಕು ಗಂಟೆ ಒಣಗಲು ಬಿಡಿ’ ಎಂದಿತ್ತು. ಮದುವೆಗೆ ಇದ್ದದ್ದು ಎರಡು ಗಂಟೆ. ವಿನೋದಿನಿ ತಲೆಯನ್ನು ಕೂರಿಸಿ, ಒತ್ತಿ ಹಿಡಿದು, ಬಿರುಕಿನ ಸುತ್ತ ಬಿಳಿ ಲೇಸು ಕಟ್ಟಿದಳು. ತಲೆ ಕೂತ ಕ್ಷಣಕ್ಕೇ ಗುಡುಗು. ಕಿಟಕಿಯ ಗಾಜಿಗೆ ಮಳೆ ಬಾಲ್ದಿಯಲ್ಲಿ ಎರಚಿದ ಹಾಗೆ ಹೊಡೆಯಿತು. ಮೂವರೂ ಅದನ್ನು ಗಮನಿಸಲಿಲ್ಲ. ಐರ್ಲೆಂಡಿನಲ್ಲಿ ಮಳೆಯನ್ನು ಗಮನಿಸುತ್ತಾ ಕೂತರೆ ಬೇರೆ ಕೆಲಸ ಆಗುವುದಿಲ್ಲ.

ಒಂದು ಗಂಟೆಗೆ ಚರ್ಚು ತುಂಬಿತ್ತು. ಜನ ತೊಟ್ಟಿಕ್ಕುತ್ತಿದ್ದರು. ಮದುಮಗಳು ಈಫಾಳ ಬಿಳಿ ಗೌನು ಮೊಣಕಾಲಿನವರೆಗೆ ಕೆಸರು. ಅಜ್ಜಿಯ ಮುಖ ಆಕಾಶಕ್ಕಿಂತ ಕಪ್ಪಗಿತ್ತು. ಮಿಥುನ್ ವಿಗ್ರಹವನ್ನು ಎರಡು ಕೈಯಲ್ಲಿ ಹಿಡಿದು, ಹಸಿ ಗಮ್ಮಿನ ಮೇಲೆ ಭಾರ ಹಾಕಿ, ಹಾಲು ತುಂಬಿದ ಪಾತ್ರೆ ತರುವವನ ಹಾಗೆ ಬಂದ.

“ಅಜ್ಜಿ, ಸಿಕ್ಕಿತು,” ಎಂದ. ಸುಳ್ಳೇನಲ್ಲ. ಎಷ್ಟು ಗಂಟೆಗೆ ಎಂದು ಹೇಳಲಿಲ್ಲ, ಅಷ್ಟೆ.

“ನನ್ನ ಕಂದಾ!” ಎಂದು ಅಜ್ಜಿ ಎರಗಿದಳು. ಮಿಥುನ್‌ನ ಮೇಲಲ್ಲ, ವಿಗ್ರಹದ ಮೇಲೆ. ಎದೆಗವಚಿಕೊಂಡು ಹಣೆಗೆ ಲೊಚಕ್ಕನೆ ಮುತ್ತು ಕೊಟ್ಟಳು. ಮುತ್ತು ಮುಗಿಯಿತು, ತಲೆ ಉಳಿಯಲಿಲ್ಲ. ಕಲ್ಲಿನ ನೆಲದ ಮೇಲೆ ಟಕ್, ಟಕ್, ಟಕ್ ಎಂದು ಉರುಳಿ ಮದುಮಗನ ಬೂಟಿನ ಹತ್ತಿರ ನಿಂತಿತು.

ಆರ್ಗನ್ ನಿಂತಿತು. ಹೊರಗೆ ಮಳೆಯೂ ನಿಂತಿತು. ಬಣ್ಣದ ಗಾಜಿನೊಳಗಿಂದ ಬಿಸಿಲು ಕಂಬದ ಹಾಗೆ ಬಂದು ಸರಿಯಾಗಿ ಮಿಥುನ್‌ನ ಮೇಲೆ ಬಿತ್ತು.

ಅಜ್ಜಿ ಲೇಸು ಬಿಚ್ಚಿದಳು. ಬೆರಳಿಗೆ ಗಮ್ಮು ಅಂಟಿತು. ಮೂಸಿ ನೋಡಿದಳು. “ಇದನ್ನ ಒಡೆದವರು ಯಾರು?”

ಹಿಂದಿನ ಸಾಲಿನಲ್ಲಿ ಗುರುಪ್ರಸಾದ ಎದ್ದು ಬಾಗಿಲ ಕಡೆ ಸರಿದ. ಮಿಥುನ್ ಕಣ್ಣು ಮುಚ್ಚಿಕೊಂಡ. ನೀಲಿ ಸಮುದ್ರ, ತೆಂಗಿನ ಮರ, ಮರಳಿನ ಮೇಲಿನ ಜನ, ಎಲ್ಲಾ ಒಂದೊಂದಾಗಿ ಕೈಬೀಸಿ ಹೋದವು. “ನಾನೇ ಅಜ್ಜಿ. ಬೆಳಿಗ್ಗೆ ನಾನೇ ಒಳಗೆ ತಂದೆ. ವಾಪಸ್ ಇಡೋಕೆ ಬಂದಾಗ ಗೋಡೆ ಮೇಲೆ ಒಡೀತು. ಅಂಟಿಸಿದ್ದೂ ನಾವೇ.”

“ಬೇಕೂಂತ ಒಡೆದ್ಯೋ? ಕೈ ಜಾರಿತೋ? ದೇವರ ಮನೇಲಿ ನಿಂತಿದೀಯ, ನಿಜ ಹೇಳು.”

“ಕೈ ಜಾರಿತು ಅಜ್ಜಿ. ದೇವರಾಣೆ.”

ಅಜ್ಜಿಯ ಕಣ್ಣಲ್ಲಿ ನೀರು ಬಂತು. ತಿರುಗಿ ಜನರಿಗೆ ಕೂಗಿ ಹೇಳಿದಳು: “ಕೈ ಜಾರಿತಂತೆ!”

ಚರ್ಚಿಗೆ ಚರ್ಚೇ ಎದ್ದು ಚಪ್ಪಾಳೆ ತಟ್ಟಿತು.

ಸಂಗತಿ ಏನೆಂದರೆ, ಬೇಲಿ ಕೆಳಗಿಟ್ಟ ಬಾಲಯೇಸು ಬಿಸಿಲು ಕೊಡುವುದು ನಿಜ. ಆದರೆ ತಲೆ ಹೋದ ಬಾಲಯೇಸುವಿನ ಶಕ್ತಿಯೇ ಬೇರೆ. ಅದೂ ತಾನಾಗಿ ಹೋಗಿರಬೇಕು, ಯಾರೂ ಬೇಕೆಂದು ಮುರಿದಿರಬಾರದು. ಅಜ್ಜಿ ಅರವತ್ತು ವರ್ಷದಿಂದ ಆ ತಲೆ ಬೀಳಲೆಂದು ಕಾಯುತ್ತಿದ್ದಳು. ಮಗಳ ಮದುವೆಗೆ ಅಜ್ಜಿಯ ಗಂಡ ತಾಳಲಾರದೆ ಕದ್ದುಮುಚ್ಚಿ ಸುತ್ತಿಗೆ ಎತ್ತಿದ್ದನಂತೆ. ಸುತ್ತಿಗೆ ತಾಗುವ ಮೊದಲೇ ಆಲಿಕಲ್ಲು ಬಿದ್ದು ಕೇಕು ತೂತಾಗಿತ್ತು.

“ಅಷ್ಟು ಚೆನ್ನಾಗಿ ಒಡೆದೋನು ಅಂಟಿಸಕ್ಕೆ ಯಾಕೆ ಹೋದೆ, ಪೆದ್ದ!” ಎಂದು ಅಜ್ಜಿ ಮಿಥುನ್‌ನ ಕೆನ್ನೆ ಹಿಂಡಿದಳು.

ಆ ಮಧ್ಯಾಹ್ನ ಇಪ್ಪತ್ತೊಂಬತ್ತು ಡಿಗ್ರಿ. ಮದುಮಗನ ಮೂಗು ಟೊಮೇಟೊ ಆಯಿತು. ಕೇಕು ಪಾಯಸವಾಯಿತು. ಅತಿಥಿಗಳು ಕೋಟು ಕಳಚಿ, ಶೂ ಕಳಚಿ, ನಾಚಿಕೆಯನ್ನೂ ಅರ್ಧ ಕಳಚಿ ಸಮುದ್ರಕ್ಕಿಳಿದರು. ಮಿಥುನ್ ಮೊದಲ ಸಲ ಸ್ವೆಟರಿಲ್ಲದೆ, ಅರ್ಧ ತೋಳಿನ ಬಿಳಿ ನಿಲುವಂಗಿಯಲ್ಲಿ, ಹುಲ್ಲಿನ ಟೋಪಿ ಹಾಕಿಕೊಂಡು ಓಡಾಡಿದ. ಅಜ್ಜಿ ಮೇಜಿನ ಮೇಲೆ ಕಾಗದ ಹರವಿಕೊಂಡು ಬರೆಯುತ್ತಿದ್ದಳು. ಒಂದು ಪುಟ, ಎರಡು ಪುಟ, ಆರು ಪುಟ. ಮುಗಿದ ಮೇಲೆ ಮದುವೆಗೆ ಬಂದ ದ್ವೀಪದವರೆಲ್ಲರ ಸಹಿ ಹಾಕಿಸಿದಳು. ಮಿಥುನ್ ನೋಡುವ ಮೊದಲೇ ಗುರುಪ್ರಸಾದ ಅದನ್ನು ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿಬಿಟ್ಟ.

“ಟೆನ್ಶನ್ ಬೇಡ ಫಾದರ್, ನಾನೇ ಮೇಲ್ ಮಾಡ್ದೆ. ಬರೀ ಹೊಗಳಿಕೇನೇ ಐತೆ. ಸೂಟ್‌ಕೇಸ್ ಇಳಿಸಿ!”

ಸೂಟ್‌ಕೇಸ್ ಇಳಿಸಿ ಅರ್ಧ ತುಂಬುವಷ್ಟರಲ್ಲಿ ದೊಡ್ಡ ಫಾದರ್ ಫೋನು ಬಂತು.

“ಏನಪ್ಪಾ ಮಿಥುನ್, ಏನ್ ಮಾಡಿದೀಯ ಅಲ್ಲಿ! ನಲವತ್ತು ವರ್ಷದ ಸರ್ವೀಸಲ್ಲಿ ಇಂಥ ಕಾಗದ ನಾನು ನೋಡಿಲ್ಲ.”

“ಎಲ್ಲಾ ನಿಮ್ಮ ಆಶೀರ್ವಾದ ಫಾದರ್. ಹಾಗಾದ್ರೆ ನನ್ನ ಟ್ರಾನ್ಸ್‌ಫರು?”

“ಕೇಳು, ಓದ್ತೀನಿ. ‘ಈ ಹುಡುಗನನ್ನು ಇಲ್ಲಿಂದ ಕದಲಿಸಿದರೆ ಈ ದ್ವೀಪದಲ್ಲಿ ಇನ್ನು ಒಂದು ಮದುವೆಯೂ ನೆಟ್ಟಗೆ ಆಗುವುದಿಲ್ಲ. ದಯವಿಟ್ಟು ಹದಿನೈದು ವರ್ಷ ಮುಟ್ಟಬೇಡಿ.’ ನೂರಾ ನಲವತ್ಮೂರು ಸಹಿ ಕಣಪ್ಪ, ಒಂದು ನಾಯಿ ಪಾದದ್ದು. ಇಷ್ಟು ಜನರ ಮನಸ್ಸು ಹೆಂಗಪ್ಪಾ ಮುರಿಲಿ? ಇರ್ಲಿ ಬಿಡು, ಬಿಸಿಲೂ ಬಂದಿದೆಯಂತಲ್ಲ. ದ್ವೀಪ ಕೇಳ್ದೆ, ಕೊಟ್ವಿ. ಬಿಸಿಲು ನೀನೇ ತಂದ್ಕೊಂಡೆ. ಇನ್ನೇನ್ ಬೇಕು ನಿಂಗೆ?”

ಫೋನಿಟ್ಟು, ಸ್ವಲ್ಪ ಗಾಳಿ ಬೇಕೆನಿಸಿ ಮಿಥುನ್ ಬಾಗಿಲು ತೆಗೆದು ಹೊರಗೆ ಕಾಲಿಟ್ಟ. ಟಕ್. ಇನ್ನೊಂದು ಕಾಲಿಟ್ಟ. ಟಕ್, ಟಕ್. ಕೆಳಗೆ ನೋಡಿದರೆ ಹೊಸಿಲ ಮುಂದೆ ಏಳು ಬಾಲಯೇಸು ಸಾಲಾಗಿ ನಿಂತಿದ್ದವು. ಒಂದೊಂದರ ಕೊರಳಲ್ಲೂ ಒಂದೊಂದು ಮದುವೆಯ ತಾರೀಕಿನ ಚೀಟಿ, ಮಿಥುನ್‌ನ ಕಾಲ ಹತ್ತಿರ ಆಗಲೇ ಮುರಿದು ಬಿದ್ದ ಮೂರು ತಲೆ. ಬೇಲಿಯ ಆಚೆಯಿಂದ ಏಳು ಮದುಮಗಳ ತಾಯಂದಿರು ಮೂರು ಸಲ ಚಪ್ಪಾಳೆ ತಟ್ಟಿದರು.

ಇನ್ನು ಮಾರನೇ ದಿನದ ಕತೆ ಕೇಳಿ. ನಲವತ್ತು ಡಿಗ್ರಿ! ಸ್ಲೈಗೋದಲ್ಲಿ! ಸಮುದ್ರದ ನೀರು ಕಾದು ಮೀನುಗಳು ಬೆಂದುಕೊಂಡೇ ದಡಕ್ಕೆ ಬರುತ್ತಿದ್ದವು, ಅಜ್ಜಿ ಅವಕ್ಕೆ ಉಪ್ಪು ಖಾರ ಹಚ್ಚಿ... ಅರೆ, ಎದ್ದುಬಿಟ್ರಾ? ಕೂತ್ಕೊಳ್ಳಿ ಸ್ವಾಮಿ, ಕಾಫಿ ಬರ್ತಾ ಐತೆ. ನಂಬಲ್ವಾ? ಆ ಮೂರು ತಲೇಲಿ ಒಂದು ಈಗಲೂ ನನ್ ಜೇಬಲ್ಲೇ ಇದೆ, ನೋಡಿ, ಇಲ್ಲೇ ಎಲ್ಲೋ, ಒಂದ್ ನಿಮಿಷ ನಿಂತ್ಕೊಳ್ಳಿ, ಈ ಜೇಬಲ್ಲಿ ಇಲ್ದಿದ್ರೆ ಆ ಜೇಬಲ್ಲಿ...