ಹೋಗಿ ಹೇಳಿ ಕಳಿಸ್ತೀವ್ರಿ

ನಮ್ಮ ಮನಿಯೊಳಗ ಯಾವ ಕೆಲಸನೂ ಒಂದೇ ಸಲಕ್ಕ ನೆಟ್ಟಗ ಆಗಿದ್ದು ನಾ ಕಂಡಿಲ್ಲ. ಕೆಡಲಿ ಅಂತ ಯಾರೂ ಬಯಸಂಗಿಲ್ಲ. ಎಲ್ಲಾರೂ ಸಹಾಯ ಮಾಡಾಕ ಬರ್ತಾರ, ಅದಕ್ಕೇ ಕೆಡತದ. ಸೆಕೆಂಡ್ ಪಿಯುಸಿ ವರ್ಸ ನಾ ಕಾಲೇಜಿಗೆ ಅರ್ಜಿ ಹಾಕಿದ್ದು ಇಂಥಾದ್ರಾಗ ಎಲ್ಲಾಕ್ಕಿಂತ ದೊಡ್ಡದು. ಓದಿದಾಕಿ ನಾನು, ಪರೀಕ್ಷಾ ಬರೆದಾಕಿ ನಾನು. ಆದ್ರ ಕೆಂಭಾವಿ ಸಂತಿಯೊಳಗ ಯಾರನ್ನರೇ ಕೇಳ್ರಿ, ಆ ಹುಡುಗಿಗೆ ಸೀಟು ಕೊಡಿಸಿದಾಂವ ಅವರ ದೊಡ್ಡಪ್ಪ ಅಂತಾರ. ಯಾರು ಹೇಳ್ಯಾರ ಅಂದ್ರ, ದೊಡ್ಡಪ್ಪನೇ ಹೇಳ್ಯಾನ.

ನಮ್ಮೂರು ಕೆಂಭಾವಿಯಿಂದ ಜರಾ ಒಳಗ. ನಾನು ದಿನಾ ಬಸ್ಸಿಗೆ ಸುರಪುರಕ್ಕ ಹೋಗಿ ಸೈನ್ಸ್ ಓದ್ತಿದ್ದೆ. ದೊಡ್ಡಪ್ಪ ಅಂದ್ರ ನಮ್ಮಪ್ಪನ ಅಣ್ಣ. ಮನಿಯೊಳಗ ಮಾತು ಅಂವಂದು. ನಮ್ಮಪ್ಪ ಹೂಂ ಅನ್ನಬೇಕಾದ್ರೂ ಮೊದಲ ಅಂವನ ಮಾರಿ ನೋಡ್ತಾನ.

೧. ಪುಕ್ಕಟ ಕಾಲೇಜು

ನನ್ನ ಜೋಡಿ ಹುಡುಗ್ಯಾರೆಲ್ಲ ಇಂಜಿನಿಯರಿಂಗು, ನರ್ಸಿಂಗು ಅಂತಿದ್ರು. ನಾನು ಊಟಕ್ಕ ಕುಂತಾಗ, "ನಾ ಬಿಎಸ್ಸಿ ಅಗ್ರಿ ಮಾಡ್ತೀನಿ, ಒಕ್ಕಲುತನ ಓದ್ತೀನಿ" ಅಂದೆ.

ಅವ್ವನ ಕೈಯಾಗಿನ ರೊಟ್ಟಿ ಕೈಯಾಗ ಉಳೀತು. ದೊಡ್ಡಪ್ಪ ನನ್ನ ನೋಡಿದ, ಅಪ್ಪನ್ನ ನೋಡಿದ.

"ಕೇಳಿದೇನೋ ತಮ್ಮಾ? ಹೊಲದ ಕೆಲಸ ಬ್ಯಾಡ ಅಂತ ಇಕಿನ್ನ ಸಾಲಿಗೆ ಹಾಕಿದ್ವಿ. ಇಕಿ ಸಾಲಿ ಕಲಿತು ಮತ್ತ ಹೊಲಕ್ಕ ಬರ್ತೀನಿ ಅಂತಾಳ!"

"ಹಂಗಲ್ಲ ದೊಡ್ಡಪ್ಪ, ನಾಲ್ಕು ವರ್ಸದ ಓದು ಅದು."

"ನಾಲ್ಕು ವರ್ಸ ಯಾಕವ್ವ ಹಾಳು ಮಾಡ್ತಿ? ನಾಳಿ ಮುಂಜಾನಿ ಬುತ್ತಿ ಕಟ್ಟಿಕೊಂಡು ನನ್ನ ಸಂಗಾಟ ಬಾ. ಪುಕ್ಕಟ ಕಲಿಸ್ತೀನಿ."

ನನಗೂ ಸಿಟ್ಟು ಬಂತು. ಹೋದೆ. ಕೈಯಾಗ ಕುರ್ಪಿ ಕೊಟ್ಟು ಕಸ ತೆಗಿಯಾಕ ಕೂಡಿಸಿದ. ಮಧ್ಯಾಹ್ನ ಆಗೂದ್ರಾಗ ಅಂಗೈಯಾಗ ನಾಲ್ಕು ಬೊಬ್ಬಿ ಎದ್ದಿದ್ವು. ಆದ್ರೂ ಕುರ್ಪಿ ಕೆಳಗ ಇಡಲಿಲ್ಲ. ಬದುವಿನ ಮ್ಯಾಲ ಕುಂತು ಬುತ್ತಿ ಬಿಚ್ಚಿಕೋತ ದೊಡ್ಡಪ್ಪ ಅಂದ, "ಮುಂಜಾನಿ ಪಿರೇಡ್ ಮುಗೀತು. ಆ ಕಡಿ ಆರು ಸಾಲು ಉಳಿದಾವಲ್ಲ, ಅದು ಹೋಮ್‌ವರ್ಕ್."

೨. ಗ್ವಾಡಿ ಕಡಿ ಮಾರಿ

ಅರ್ಜಿ ಹಾಕಾಕ ಸುರಪುರದ ಇಂಟರ್ನೆಟ್ ಅಂಗಡಿಗೆ ಹೋದೆ. ಅಂಗಡಿ ಮಾಲಕ, "ತಂಗಿ, ಎಂದೂ ಬದಲಾಗದ ನಂಬರ್ ಕೊಡು, ಕಡೀತನಕ ಓಟಿಪಿ ಅದಕ್ಕೇ ಬರ್ತದ" ಅಂದ. ನಮ್ಮಪ್ಪ ಆಫರ್ ಬಂದಂಗ ಸಿಮ್ ಬದಲಿ ಮಾಡ್ತಾನ. ಹಳೇ ನಂಬರ್ ಇರೋದು ದೊಡ್ಡಪ್ಪಂದೊಂದೇ. ಹಿಂದ ಮುಂದ ನೋಡಲಾರದ ಅದನ್ನ ಬರಿಸಿದೆ. ನನ್ನ ಕರ್ಮ.

ಅಂವಗ ಫೋನ್ ಹಚ್ಚಿದ್ರ ರಿಂಗ್ ಆಗೂಕಿಂತ ಮೊದಲ ಒಬ್ಬಾಕಿ ಮಾತಾಡಿದ್ಲು, ಓಟಿಪಿ ಯಾರಿಗೂ ಹೇಳಬ್ಯಾಡ್ರಿ, ಮೋಸ ಹೋಗಬ್ಯಾಡ್ರಿ ಅಂತ. ಆಮ್ಯಾಲ ದೊಡ್ಡಪ್ಪ ಎತ್ತಿದ.

"ದೊಡ್ಡಪ್ಪ, ನಿನಗೊಂದು ನಂಬರ್ ಬಂದದ ನೋಡು."

"ಬಂದದ."

"ಹೇಳು, ಜಲ್ದಿ."

"ಹೇಳಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ ಅಂತ ಸರಕಾರದಾಕಿ ದಿನಾ ಬಡಕೋತಾಳ."

"ನಾ ಯಾರರೇ ಏನು? ನಿನ್ನ ತಮ್ಮನ ಮಗಳು!"

"ಮೋಸ ಮಾಡೋರು ಹಂಗೇ ಅಂತಾರ. ದನಿ ಸುದ್ದಾ ಮನಿಮಂದಿಯಂಗ ತಗೀತಾರಂತ. ಖರೇ ನೀನೇ ಇದ್ರ ಹೇಳು, ಹ್ವಾದ ವಾರ ನಮ್ಮ ಎಮ್ಮಿ ಏನು ಈದದ?"

"ಕೋಣಗರು!"

"ಅದು ಊರಿಗೆಲ್ಲಾ ಗೊತ್ತದ. ಬ್ಯಾರೆ ಏನರೇ ಕೇಳ್ತೀನಿ ತಡಿ" ಅಂದ. ಅಂವ ವಿಚಾರ ಮಾಡೂದ್ರಾಗ ಓಟಿಪಿ ಟೈಮ್ ಮುಗೀತು. ಎರಡನೇ ಸಲನೂ ಅಷ್ಟೇ, ಮೂರನೇ ಸಲನೂ ಅಷ್ಟೇ. ಹಿಂದ ಪಾಳಿ ಹಚ್ಚಿದ ಹುಡುಗೂರು ಕಿಸಿ ಕಿಸಿ ನಗಾಕತ್ತಿದ್ರು.

ಕಡೀಗೆ ದೊಡ್ಡಪ್ಪ ತಾನೇ ಬಸ್ ಹತ್ತಿ ಬಂದ. ಬಂದಾಂವ ಫೋನ್ ನನ್ನ ಕೈಯಾಗ ಕೊಡಬೇಕಿಲ್ಲ? ಮಾಲಕನ್ನ ಎಬ್ಬಿಸಿ ಅಂವನ ಕುರ್ಚಿಯೊಳಗ ಕುಂತ. ಹೆಗಲ ಮ್ಯಾಲಿನ ಟಾವೆಲ್ ತಗದು ಕೀಬೋರ್ಡ್ ಮ್ಯಾಲ ಮುಚ್ಚಿ, "ಎಲ್ಲಾರೂ ಆ ಕಡಿ ಮಾರಿ ಮಾಡ್ರಿ" ಅಂದ. ಅಂವನ ದನಿಗೆ ಅಂಜಿ ಪಾಳಿಗೆ ಪಾಳಿನೇ ಗ್ವಾಡಿ ಕಡಿ ತಿರುಗಿ ನಿಂತಿತು. ಟಾವೆಲ್ ಬುಡಕ ಒಂದೇ ಬೆರಳಿಲೆ ಆರು ಅಂಕಿ ಒತ್ತಿದ.

ನನ್ನ ಬಾಜೂಕ ಗ್ವಾಡಿ ನೋಡ್ಕೋತ ನಿಂತ ಮಾಲಕ ಸಣ್ಣಗ ಕೇಳಿದ, "ತಂಗಿ, ಈಗರೇ ತಿರಗಬಹುದೇನು?"

೩. ಗುರುತಿಲ್ಲದ ಮನಶಾ

ಅಗ್ರಿಗೆ ರೈತರ ಮಕ್ಕಳಿಗಂತ ಬ್ಯಾರೆ ಸೀಟು ಇರ್ತಾವ. ಅದಕ್ಕ ಬೀಜ, ಗೊಬ್ಬರ, ಸಾಮಾನು ಗುರುತು ಹಿಡಿಯೋ ಪರೀಕ್ಷಾ ಒಂದಿರತದ. ಸಿಇಟಿ ಬರೆದ ಮ್ಯಾಲ ಅದಕ್ಕೂ ಹೋಗಬೇಕಿತ್ತು.

ದೊಡ್ಡಪ್ಪಗ ನಾ ಅಗ್ರಿ ಓದೋದು ಬ್ಯಾಡಾಗಿತ್ತು ಖರೇ. ಆದ್ರ ನಮ್ಮ ಮನಿ ಹುಡುಗಿ ತೊಗರಿ ಗುರುತು ಹಿಡಿಯಲಾರದ ಬಂದ್ಲು ಅನ್ನಿಸಿಕೊಳ್ಳೋದು ಅದಕ್ಕಿಂತ ಬ್ಯಾಡಾಗಿತ್ತು. ದಿನಾ ಊಟಕ್ಕ ಕುಂತ್ರ ನನ್ನ ತಾಟಿನ್ಯಾಗ ರೊಟ್ಟಿ ಬರ್ತಿದ್ದಿಲ್ಲ, ಬೀಜ ಬರ್ತಿದ್ವು. ಹೆಸರು, ಸಜ್ಜಿ, ಕುಸುಬಿ, ಹತ್ತಿಕಾಳು ಎಲ್ಲಾ ಕಲಸಿ ಇಡ್ತಿದ್ದ. ಒಂದೊಂದು ಸರಿ ಹೇಳಿದ ಮ್ಯಾಲ ರೊಟ್ಟಿ. ಒಂದು ದಿನ ತಪ್ಪು ಹೇಳಿದ್ದಕ್ಕ ಪಲ್ಯ ಸುದ್ದಾ ಹಾಕಗೊಡಲಿಲ್ಲ.

ಪರೀಕ್ಷಾ ದಿನ ಸಂಗಾಟ ಬಂದ. ಹೊರಗ ಗಿಡದ ಬುಡಕ ಕುಂಡ್ರು ಅಂತ ಹೇಳಿ ನಾ ಒಳಗ ಹೋದೆ. ಸಾಹೇಬ್ರು ಒಂದೊಂದೇ ಡಬ್ಬಿ ತೋರಿಸಿದ್ರು, ನಾ ಪಟ ಪಟ ಹೇಳಿದೆ. ಕಡೀ ಡಬ್ಬಿ ನೋಡಿ "ಕುಸುಬಿರಿ" ಅಂದೆ. ಅವರು ಬರಕೊಳ್ಳಾಕತ್ತಾಗ ನನ್ನ ಹಿಂದಿನ ಖಿಡಕಿಯಿಂದ ದನಿ ಬಂತು.

"ಕುಸುಬಿ ಖರೇ ಸಾಹೇಬ್ರ, ಆದ್ರ ಹುಳ ಹತ್ಯಾವ. ಬಿತ್ತಿದ್ರ ಹುಟ್ಟಂಗಿಲ್ಲ."

ಸಾಹೇಬ್ರು ಪೆನ್ನು ಕೆಳಗಿಟ್ರು. "ಯಾರವ್ವ ಅವರು?"

ನಾ ಹಿಂದ ತಿರುಗಿ ಸುದ್ದಾ ನೋಡಲಿಲ್ಲ. "ಗೊತ್ತಿಲ್ರಿ" ಅಂದೆ.

ಬಸ್ಸಿನೊಳಗ ದೊಡ್ಡಪ್ಪ ಶಹಾಪುರ ಬರೋತನಕ ಖಿಡಕಿಯಿಂದ ಹೊರಗಿನ ಹೊಲ ನೋಡ್ಕೋತ ಕುಂತ. ಆಮ್ಯಾಲ ಅಂದ, "ಎಲ್ಲಾ ಬೀಜ ಗುರುತು ಹಿಡಿದಿ. ದೊಡ್ಡಪ್ಪನ್ನ ಗುರುತು ಹಿಡಿಲಿಲ್ಲ."

೪. ಮನಿತನ ನೋಡೋದು

ರ‍್ಯಾಂಕು ಚೊಲೋ ಬಂತು. ಇನ್ನ ಯಾವ ಕಾಲೇಜು ಮೊದಲು, ಯಾವುದು ಆಮ್ಯಾಲ ಅಂತ ಕಂಪ್ಯೂಟರ್‌ನಾಗ ಹಾಕೋದಿತ್ತು. ನನಗ ಬೇಕಾದ ಕಾಲೇಜು ಒಂದಿತ್ತು. ಹೆಸರು ಹೇಳಂಗಿಲ್ಲ, ಈಗ ಮಾರ್ಕು ಹಾಕೋರು ಅವರೇ. ದೊಡ್ಡಪ್ಪ ಅಡ್ಡ ಬಿದ್ದ.

"ಕಣ್ಣಿಲೆ ಕಾಣದ ಜಾಗಕ್ಕ ನಮ್ಮ ಹುಡುಗಿ ಕೊಡಂಗಿಲ್ಲ. ನಾ ನೋಡಿ ಬರ್ತೀನಿ. ಪಸಂದ ಆಗಲಿಲ್ಲಂದ್ರ ಸುರಪುರದಾಗ ಬಿಎ ಮಾಡಲಿ."

ನಾ ಅತ್ತೆ, ಜಗಳ ತಗದೆ, ಒಂದು ಹೊತ್ತು ಊಟ ಬಿಟ್ಟೆ. ಅಂವ ಸೋಮವಾರ ಚೊಲೋ ದಿನ ಅಂತ ನೋಡಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ಪಟಕ ಸುತ್ತಿ, ಊರಿನ ಮೂರು ಮಂದಿ ಹಿರಿಯರನ್ನ ಕರಕೊಂಡು ಹೊಂಟ. ಅದೇ ಸೋಮವಾರ ಕಂಪ್ಯೂಟರ್‌ನಾಗ ಹಾಕೋ ಕಡೀ ದಿನ.

ಅಲ್ಲಿ ಏನು ಆತು ಅಂತ ಸಂಗಾಟ ಹೋಗಿದ್ದ ಬಾಜೂ ಮನಿ ಕಾಕಾ ಆಮ್ಯಾಲ ಹೇಳಿದ. ಗೇಟಿನ್ಯಾಗ ವಾಚ್‌ಮನ್, "ಯಾರು ಬೇಕಾಗಿತ್ರಿ?" ಅಂದಾನ. "ಮನಿತನ ನೋಡಾಕ ಬಂದೀವಿ" ಅಂದಾನ ದೊಡ್ಡಪ್ಪ. ಹೊಲ ಎಷ್ಟು ಎಕರೆ, ನೀರಾವರಿ ಎಷ್ಟು, ಮಂದಿ ಹೆಂಗ, ಎಲ್ಲಾ ಕೇಳ್ಯಾನ. ಕಡೀಗೆ ದನಿ ಸಣ್ಣದು ಮಾಡಿ, "ಏನರೇ ಚಟ ಅದಾವೇನ್ರಿ?" ಅಂದಾನ.

"ಕಾಲೇಜಿಗೆ ಎಂಥಾ ಚಟ ಇರತದ್ರಿ ಯಜಮಾನ್ರ?" ಅಂದಾನ ವಾಚ್‌ಮನ್.

ಹೊಲ ಎಲ್ಲಾ ತಿರುಗಿ ನೋಡಿ, ಚಾ ಕುಡಿದು, ಹೊಂಡೂ ಮುಂದ ನಾಲ್ಕೂ ಮಂದಿ ಕೈ ಮುಗಿದು ಅಂದಾರ, "ಹೋಗಿ ಹೇಳಿ ಕಳಿಸ್ತೀವ್ರಿ."

೫. ಒಪ್ಪಿಗಿ

ಅತ್ತ ಅವರು ಚಾ ಕುಡಿಯಾಕತ್ತಾಗ ಇತ್ತ ನಾನು ಸುರಪುರದ ಅಂಗಡ್ಯಾಗ ಕುಂತಿದ್ದೆ. ಸಂಜಿಗೆ ಸೈಟ್ ಬಂದ್. ಓಟಿಪಿ ಹೋಗಿ ದೊಡ್ಡಪ್ಪನ ಫೋನಿನ್ಯಾಗ ಕುಂತದ. ಫೋನ್ ಹಚ್ಚಿದೆ. ಸರಕಾರದಾಕಿ ತನ್ನ ಮಾತು ಮುಗಿಸಿದ್ಲು. ಅಂವ ಎತ್ತೂದ್ರಾಗ ನಾ ಒಂದೇ ಉಸಿರಿನ್ಯಾಗ, "ದೊಡ್ಡಪ್ಪ, ಎಮ್ಮಿ ಕೋಣಗರು ಈದದ, ಅದರ ಎಡಗಿವಿ ಹರದದ, ಬೇಕಾದ್ರ ಇನ್ನೂ ಕೇಳು, ಓಟಿಪಿ ಹೇಳಪ" ಅಂದೆ.

"ಅದು ಇರಲಿ, ಇದು ಕೇಳು. ನಮ್ಮ ತೊಗರಿ ಗೇಣುದ್ದ ಎದ್ದದ. ಇವರದು ಇನ್ನ ಎರಡು ಬೆರಳು. ಸಾಲಿನ್ಯಾಗ ಕಸ ನೋಡಿದ್ರ ಎಮ್ಮಿ ಮೇಯಿಸಬೇಕು, ಅಷ್ಟದ."

ಕಣ್ಣಾಗ ನೀರು ಬಂದ್ವು. ಎರಡು ವರ್ಸ ಓದಿದ್ದು ಎರಡು ಬೆರಳಿನ ತೊಗರಿಗೆ ಹೋತಲ್ಲ ಅಂತ ಅನಿಸಿತು. "ಹಂಗಾದ್ರ ಬ್ಯಾಡೇನು ದೊಡ್ಡಪ್ಪ?"

"ಬ್ಯಾಡ ಯಾಕ? ಇಷ್ಟ ದೊಡ್ಡ ಹೊಲ, ಇಷ್ಟ ನೀರು, ಹೇಳೋರಿಲ್ಲ ಕೇಳೋರಿಲ್ಲ! ನಮ್ಮ ಮನಿಯಿಂದ ಒಬ್ಬಾಕಿ ಬಂದು ನೆಟ್ಟಗ ಮಾಡಲೇಬೇಕು. ಮೊದಲ ನಂಬರಿಗೆ ಇದನ್ನ ಹಾಕು. ಬರಕೋ!"

ಯಾರಿಗೂ ಹೇಳಬಾರದ ಆರು ಅಂಕಿ ಅಂವ ಗೇಟಿನ್ಯಾಗ ನಿಂತು ಒದರಿ ಹೇಳಿದ. ಮೂರು ಹಿರಿಯರು ಕೇಳಿದ್ರು, ವಾಚ್‌ಮನ್ ಕೇಳಿದ. ಇತ್ತ ಮಾಲಕ ಪಾಪ ರೂಢಿ ಬಿದ್ದು ಗ್ವಾಡಿ ಕಡಿ ತಿರುಗಿ ನಿಂತಿದ್ದ.

ಸೀಟು ಸಿಕ್ತು. ಅಡ್ಮಿಷನ್ ದಿನ ದೊಡ್ಡಪ್ಪ ಅದೇ ಪಟಕ ಸುತ್ತಿ, ಚೀಲದಾಗ ಟೆಂಗಿನಕಾಯಿ ಹಾಕ್ಕೊಂಡು ಬಂದ. ಗೇಟಿನ್ಯಾಗ ಅದೇ ವಾಚ್‌ಮನ್.

"ಓಹೋ, ನೀವೇನ್ರಿ ಯಜಮಾನ್ರ? ಹೋಗಿ ಹೇಳಿ ಕಳಿಸ್ತೀವಿ ಅಂದಿದ್ರಿ, ಕಾದ್ವಿ ಕಾದ್ವಿ, ಸುದ್ದೀನೇ ಇಲ್ಲ!"

ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡು ಕೈ ಮುಗಿದ. "ತಡ ಆತ್ರಿ. ಮನಿಮಂದಿಗೆಲ್ಲ ಪಸಂದ ಆಗ್ಯಾದ. ನಮ್ಮ ಕಡಿಂದ ಒಪ್ಪಿಗಿ ಅದ ಅಂತ ನಿಮ್ಮ ಹಿರಿಯರಿಗೆ ಹೇಳ್ರಿ. ಹುಡುಗಿನ್ನ ಕರಕೊಂಡೇ ಬಂದೀನಿ."

ನನಗ ಭೂಮಿ ಬಾಯಿ ಬಿಡಬಾರದಾ ಅನಿಸಿತು. ಆದ್ರ ಅಂವನ ದನಿ ಜರಾ ನಡುಗಿದ್ದು ನಾ ಕೇಳಿದೆ. ಸುಮ್ಮನ ಅಂವನ ಚೀಲ ನನ್ನ ಕೈಯಾಗ ತಗೊಂಡೆ.

ವಾಚ್‌ಮನ್ ಟೊಪಗಿ ಸರಿ ಮಾಡಿಕೊಂಡ. "ಭಾಳ ಚೊಲೋ ಆತ್ರಿ. ಹೇಳ್ತೀನಿ. ಮೊದಲ ಅಲ್ಲಿ ಖಿಡಕ್ಯಾಗ ಫೀಸು ಕಟ್ಟಿ ಬರ್ರಿ."

ದೊಡ್ಡಪ್ಪ ನಿಂತಲ್ಲೇ ನಿಂತ. ಖಿಡಕಿ ನೋಡಿದ, ವಾಚ್‌ಮನ್‌ನ ಮಾರಿ ನೋಡಿದ.

"ಏನರೇ ಚಟ ಅದಾವೇನು ಅಂತ ಅವತ್ತ ಬಿಡಿಸಿ ಬಿಡಿಸಿ ಕೇಳಿದ್ದೆ. ವರದಕ್ಷಿಣಿ ತಗೋತಾರ ಅಂತ ಆಗ ಯಾಕ ಹೇಳಲಿಲ್ರಿ?"