ಒಪ್ಪಿಗೆ ಸಂಹಿತೆಯ ಫಲಶ್ರುತಿ

ಬಹಳ ಹಿಂದೆ, ಸಂಜೆ ದೀಪ ಹಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಡದಿದ್ದ ಕಾಲದಲ್ಲಿ, ಅನುಕೂಲಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಸುಲಭವರ್ಮ. ಪ್ರಜೆಗಳಿಗೆ ದಿನಕ್ಕೊಂದು ಅನುಕೂಲ ಮಾಡಿಕೊಡದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಪ್ರಜೆಗಳು ಬೇಡವೆಂದರೆ ಎರಡು ಮಾಡಿಕೊಡುತ್ತಿದ್ದನು.

ಒಂದು ಸಂಜೆ ಅರಮನೆಯ ದಾಸಿಯೊಬ್ಬಳು ದೀಪ ಹಚ್ಚುತ್ತಿದ್ದುದು ಮಹಾರಾಜನ ಕಣ್ಣಿಗೆ ಬಿತ್ತು. ಗಾಳಿಗೆ ಬತ್ತಿ ಎರಡು ಸಲ ಆರಿ ಮೂರನೆಯ ಸಲ ಹೊತ್ತಿಕೊಂಡಿತು. ಮಹಾರಾಜನು ಮಂತ್ರಿಯನ್ನು ಕೂಗಿ ಕರೆದನು.

"ಮಂದಹಾಸ! ನಮ್ಮ ಪ್ರಜೆಗಳು ದಿನವೂ ಇಷ್ಟು ಕಷ್ಟಪಡುತ್ತಿದ್ದಾರೆಯೇ?"

ಮಂತ್ರಿ ಮಂದಹಾಸರಾಯನು ಕೈಮುಗಿದು ನಿಂತನು. "ಪ್ರಭೂ, ಇದು ಕಷ್ಟವೆಂದು ತಾವು ಹೇಳುವವರೆಗೆ ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತುಮಾಡಿಕೊಟ್ಟದ್ದೇ ಮಹೋಪಕಾರ."

ಹೀಗೆ ಗಿಣಿದೀಪ ಹುಟ್ಟಿತು. ಹಿತ್ತಾಳೆಯ ಕಂಬ, ಅದರ ತಲೆಯ ಮೇಲೆ ಬತ್ತಿ, ಬತ್ತಿಯ ಕೆಳಗೊಂದು ಪುಟ್ಟ ಪಂಜರ, ಪಂಜರದೊಳಗೆ ಅರಮನೆಯಲ್ಲಿ ತರಬೇತಾದ ಜೀವಂತ ಗಿಣಿ. ಮನೆಯವರು "ಬೆಳಗು" ಎಂದರೆ ಸಾಕು, ಗಿಣಿ ಕೊಕ್ಕಿನಿಂದ ಸರಪಣಿ ಎಳೆಯುವುದು, ಚಕಮಕಿ ಕಲ್ಲು ಕಿಡಿ ಹಾರಿಸುವುದು, ದೀಪ ಹೊತ್ತಿಕೊಳ್ಳುವುದು. ಅದಕ್ಕೆ ಮುಂಚೆ ಗಿಣಿ ಮಹಾರಾಜನ ಬಿರುದುಗಳನ್ನು ಹೇಳುತ್ತಿತ್ತು. ಐದು ಬಿರುದು ಕೇಳಿದ ಮೇಲೆ ಬೇಡವಾದವರು "ಸ್ಕಿಪ್" ಎನ್ನಬಹುದಾಗಿತ್ತು. ಒಟ್ಟು ಬಿರುದುಗಳು ಆರು.

ವಾರಕ್ಕೊಮ್ಮೆ ಗಿಣಿಗಳೆಲ್ಲ ಅಪ್‌ಡೇಟ್ ಆಗುವುದಕ್ಕೆಂದು ಅರಮನೆಗೆ ಹಾರಿಹೋಗುತ್ತಿದ್ದವು. ಅಲ್ಲಿ ಶ್ರವಣ ಇಲಾಖೆಯ ಗುಮಾಸ್ತರು ಸಾಲಾಗಿ ಕುಳಿತು, ಗಿಣಿ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಮನೆಗಳಲ್ಲಿ ಕತ್ತಲೆ. ಖಾಲಿ ಪಂಜರಕ್ಕೆ ಒಂದು ಹಲಗೆ ತೂಗಿರುತ್ತಿತ್ತು: "ತಮ್ಮ ಅನುಭವವನ್ನು ಉತ್ತಮಪಡಿಸಲಾಗುತ್ತಿದೆ."

ಈ ರಾಜ್ಯದಲ್ಲಿ ಶಿತಿಕಂಠಯ್ಯನವರೆಂಬ ಪೌರಾಣಿಕರಿದ್ದರು. ವಯಸ್ಸು ಎಪ್ಪತ್ತನಾಲ್ಕು. ಊರ ಕಲ್ಲುಮಂಟಪದಲ್ಲಿ ಕುಳಿತು ಪುರಾಣ ಓದಿ ಅರ್ಥ ಹೇಳುವುದು ಅವರ ಮನೆತನದ ಕಸುಬು. ಕಳೆದ ಕಾರ್ತಿಕದಲ್ಲಿ ಅವರ ಹೆಂಡತಿ ತುಂಗಮ್ಮ ತೀರಿಹೋಗಿದ್ದಳು. ಐವತ್ತು ವರ್ಷ ಆಕೆ ದಿನವೂ ಸಂಜೆ ಒಂದು ಕಂಚಿನ ದೀಪ ಹಚ್ಚಿ, ಮನೆಯ ಸಮಾಚಾರವನ್ನೆಲ್ಲ ದೇವರಿಗೆ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. "ಇವತ್ತೂ ಸಾರಿಗೆ ಉಪ್ಪು ಜಾಸ್ತಿ ಅಂದರು ನಿನ್ನ ಭಕ್ತರು, ಕೇಳಿದೆಯಾ" ಎನ್ನುವಳು. ಜಗಲಿಯಲ್ಲಿದ್ದ ಶಿತಿಕಂಠಯ್ಯನವರು ಕೇಳಿಸದವರಂತೆ ಕೆಮ್ಮುವರು. ಅವಳು ಹೋದ ಮೇಲೆ ಆ ದೀಪವನ್ನು ಅವರೇ ಹಚ್ಚತೊಡಗಿದರು. ಹಚ್ಚಿ, ದೇವರಿಗೊಂದು ನಮಸ್ಕಾರ ಹಾಕಿ, ದಿನದ ಸಮಾಚಾರವನ್ನು ತುಂಗಮ್ಮನಿಗೆ ಹೇಳುವರು. ಸಾರಿಗೆ ಉಪ್ಪೇ ಹಾಕಲು ಮರೆತೆ ಎಂಬುದನ್ನೂ ಹೇಳುವರು. ಅದೊಂದು ಗಳಿಗೆ ಮನೆ ಮನೆಯಂತಿರುತ್ತಿತ್ತು.

ಗಾಣದ ನಂಜವ್ವ ಅವರ ನೆರೆಯವಳು. ಗಿಣಿದೀಪವನ್ನು ಮೊದಲು ತಂದವಳು ಅವಳೇ; ಮೊದಲು ಬೈದವಳೂ ಅವಳೇ. ಒಂದು ಬೆಳಿಗ್ಗೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಲಿ ಹತ್ತಿದಳು.

"ಅಯ್ನೋರೇ, ಇದ್ಯಾವ ನ್ಯಾಯ? ನನ್ನ ಗಾಣದ ಎಣ್ಣೆ ಹುಯ್ದ್ರೆ ಆ ಹಕ್ಕಿ ಮುಖ ತಿರುಗಿಸ್ತದೆ. ಅರಮನೆ ಮುದ್ರೆ ಇರೋ ಕುಪ್ಪಿ ಎಣ್ಣೇನೇ ಆಗ್ಬೇಕಂತೆ. ಗಾಣದೋಳ ಮನೇಲಿ ಕೊಂಡ್ಕೊಂಡ ಎಣ್ಣೆ!"

"ಬೇರೆ ಏನನ್ನುತ್ತದೆ ನಂಜವ್ವ?"

"ನಿನ್ನೆ ನೀನು ಮನುಷ್ಯಳೋ ಪಿಶಾಚಿಯೋ ಅಂತು. ಒಂಬತ್ತು ಚಿತ್ರ ಇರೋ ಹಲಗೆ ತೋರಿಸಿ, ಎತ್ತಿನಗಾಡಿ ಇರೋದನ್ನ ಮುಟ್ಟು ಅಂತು. ಒಂದ್ರಾಗೆ ಬರೀ ಚಕ್ರದ ತುದಿ ಕಾಣ್ತಿತ್ತು ಸ್ವಾಮಿ. ಅದು ಗಾಡಿಯೋ ಅಲ್ಲವೋ ಅಂತ ನಾನು ಯೋಚ್ನೆ ಮಾಡೋಷ್ಟರಲ್ಲಿ ಪಿಶಾಚಿ ಅಂತ ತೀರ್ಮಾನ ಆಯ್ತು. ಊಟ ಕತ್ತಲಲ್ಲೇ."

ಶಿತಿಕಂಠಯ್ಯನವರಿಗೆ ನಗು ಬಂತು. ಮುಂದಿನ ಮಾತಿಗೆ ಬರಲಿಲ್ಲ.

"ಇನ್ನೊಂದು ಕೇಳಿ. ಮೊನ್ನೆ ಈಶ್ವರನ ಮುಂದೆ ನಿಂತು, ಮಂಡಿನೋವು ತಡೆಯಾಕಾಗಲ್ಲ ಕಣಪ್ಪ ಅಂದೆ. ಅರಮನೆಗೆ ಹೋಗಿಬಂದ ಸಂಜೆ ಬಿರುದೆಲ್ಲ ಮುಗಿಸಿದ ಗಿಣಿ, 'ಮಂಡಿನೋವೇ? ಅರಮನೆಯ ಮಂಡಿತೈಲ ಇಂದೇ ಕೊಳ್ಳಿರಿ' ಅಂತದೆ! ನಾನು ಕೇಳಿದ್ದು ಈಶ್ವರನ್ನ ಅಯ್ನೋರೇ. ಉತ್ತರ ಕೊಟ್ಟಿದ್ದು ಮಹಾರಾಜ."

ಆ ವಾರವೇ ಡಂಗುರ ಹೊಡೆಸಿದರು. ಹಳೆಯ ದೀಪಗಳಿಗೆ ಅರಮನೆಯು ಬೆಂಬಲವನ್ನು ಹಿಂತೆಗೆದುಕೊಂಡಿದೆ. ಇನ್ನು ಎಂಟು ದಿನಕ್ಕೆ ಎಲ್ಲವನ್ನೂ ಉಗ್ರಾಣಕ್ಕೆ ಒಯ್ಯಲಾಗುವುದು. ಪ್ರಜೆಗಳು ಒಪ್ಪಿಗೆ ಸಂಹಿತೆಗೆ ಹೆಬ್ಬೆಟ್ಟು ಒತ್ತಿ ಗಿಣಿದೀಪ ಪಡೆಯತಕ್ಕದ್ದು. ಎಂಟನೆಯ ದಿನ ತುಂಗಮ್ಮನ ವರ್ಷದ ತಿಥಿ.

ಶಿತಿಕಂಠಯ್ಯನವರು ಶಲ್ಯ ಹೊದ್ದು ನೇರವಾಗಿ ಮಂದಹಾಸರಾಯನ ಕಚೇರಿಗೆ ಹೋದರು.

"ಒಲ್ಲೆ ಎನ್ನುವವರು ಎಲ್ಲಿ ಹೆಬ್ಬೆಟ್ಟು ಒತ್ತಬೇಕು?"

"ಪೂಜ್ಯರೇ, ಆಯ್ಕೆ ಎರಡಿವೆ" ಎಂದು ಮಂತ್ರಿ ಮುಗುಳ್ನಕ್ಕನು. "ಒಂದು, ಈಗ ಒಪ್ಪುತ್ತೇನೆ. ಇನ್ನೊಂದು, ಆಮೇಲೆ ಒಪ್ಪುತ್ತೇನೆ."

"ಒಪ್ಪದೆ ಇರುವುದು?"

"ಅದೂ ಉಂಟು. ನಮ್ಮದೇನು ದಬ್ಬಾಳಿಕೆಯ ರಾಜ್ಯವೇ? ಸಂಹಿತೆಯನ್ನು ಪೂರ್ತಿ ಓದಿದವರಿಗೆ ಒಲ್ಲೆ ಎನ್ನುವ ಹಕ್ಕಿದೆ. ಹಳೆಯ ದೀಪವನ್ನೂ ಇಟ್ಟುಕೊಳ್ಳಬಹುದು. ಏಳುನೂರು ಓಲೆಗಳಿವೆ. ಈವರೆಗೆ ಯಾರೂ ಎರಡನೆಯ ಓಲೆ ದಾಟಿಲ್ಲ. ಬರೆದವನೂ ದಾಟಿಲ್ಲ, ಹಿಂದಿನ ಸಂಹಿತೆಯಿಂದ ನಕಲು ಮಾಡಿದ್ದಾನೆ."

"ದಿನಕ್ಕೆ ನೂರು ಓಲೆ. ಏಳು ದಿನ" ಎಂದರು ಶಿತಿಕಂಠಯ್ಯನವರು. ಜೀವಮಾನವೆಲ್ಲ ಸಪ್ತಾಹ ಪಾರಾಯಣ ಮಾಡಿದವರಿಗೆ ಅದೊಂದು ಲೆಕ್ಕವೇ ಆಗಿರಲಿಲ್ಲ.

ಅವರಿಗೆ ಮನಸ್ಸಿನಲ್ಲಿ ಓದಿಕೊಳ್ಳುವ ಅಭ್ಯಾಸವಿರಲಿಲ್ಲ. ತಂದೆ ಕಲಿಸಿದ್ದು ಬಾಯಿಬಿಟ್ಟು, ರಾಗವಾಗಿ, ಮಂಟಪದಲ್ಲಿ ಕುಳಿತು ಓದುವುದನ್ನು. ಮದುವೆಯ ಹೊಸದರಲ್ಲಿ ತುಂಗಮ್ಮ ತವರಿನಿಂದ ಬರೆದ ಓಲೆಯನ್ನೂ ಹಾಗೆಯೇ ಓದಿ, ಬೀದಿಯಲ್ಲಿ ನಗೆಪಾಟಲಾಗಿದ್ದವರು ಅವರು. ಆದ್ದರಿಂದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕಲ್ಲುಮಂಟಪದ ಪೀಠದ ಮೇಲೆ ಸಂಹಿತೆಯನ್ನಿಟ್ಟು, ಸಂಕಲ್ಪ ಮಾಡಿ, ಓದಲು ಕುಳಿತರು.

ಪೌರಾಣಿಕರ ರಾಗ ಕೇಳಿದ ಮೇಲೆ ಊರು ಮನೆಯಲ್ಲಿ ಕುಳಿತಿರುವುದುಂಟೇ? ಒಬ್ಬರು ಬಾಳೆಹಣ್ಣು ತಂದರು, ಒಬ್ಬರು ಅವಲಕ್ಕಿ ತಂದರು. ಇನ್ನೂ ಹೆಬ್ಬೆಟ್ಟು ಒತ್ತದ ಮುನ್ನೂರು ಮನೆಗಳಿದ್ದವು. "ಅಯ್ನೋರು ಏನು ಮಾಡ್ತಾರೋ ನೋಡ್ಕೊಂಡು ಮಾಡಾಣ" ಎಂದು ಕಾದಿದ್ದವರೆಲ್ಲ ಮುಂದಿನ ಸಾಲಿನಲ್ಲಿ ಕುಳಿತರು.

"ಪ್ರಥಮಾಧ್ಯಾಯ. ಗಿಣಿ ಎಂದರೆ ಗಿಣಿ ಮಾತ್ರವಲ್ಲ. ಗಿಣಿಯ ಸಂತತಿ, ಗಿಣಿಯ ಬಂಧುಗಳು, ಗಿಣಿಯೊಡನೆ ವ್ಯವಹಾರವಿರುವ ಇತರ ಪಕ್ಷಿಗಳು ಎಂದು ತಿಳಿಯತಕ್ಕದ್ದು."

"ಅಂದ್ರೆ ನಮ್ಮನೆ ಮಾತು ಕಾಗೆಗೂ ಹೇಳ್ತದಾ ಅಯ್ನೋರೇ?" ನಂಜವ್ವ ಕೇಳಿದಳು.

"ವ್ಯವಹಾರವಿದ್ದರೆ ಹೇಳಬಹುದಮ್ಮ."

"ಕಾಗೆ ಜೊತೆ ಯಾರಿಗಿಲ್ಲ ವ್ಯವಹಾರ! ಊರಿಗೆಲ್ಲ ಆಯ್ತಲ್ಲ."

ಮೂರನೆಯ ದಿನ ಬಂದದ್ದು ಭಕ್ತಿಯ ಅಧ್ಯಾಯ. "ದೀಪದ ಮುಂದೆ ಆಡಿದ ಮಾತು ಅರಮನೆಯ ಸೊತ್ತು. ದೇವರಿಗೆ ಹೇಳಿದ ಮಾತು ದೇವರನ್ನು ತಲುಪುವ ಮೊದಲು ದೀಪವನ್ನು ದಾಟುವುದರಿಂದ ಅದೂ ಸೊತ್ತು. ದೇವರು ಉತ್ತರಿಸಿದಲ್ಲಿ ಅದನ್ನು ಎರಡು ದಿನದೊಳಗೆ ಇಲಾಖೆಗೆ ತಿಳಿಸತಕ್ಕದ್ದು." ಶಿತಿಕಂಠಯ್ಯನವರು ಅದರ ಅರ್ಥವನ್ನೂ ಬಿಡಿಸಿ ಹೇಳಿದರು. ಜನ "ಶಿವ ಶಿವ" ಎಂದರು.

ಐದನೆಯ ದಿನದ ನೂರು ಓಲೆಗಳಲ್ಲಿ "ಅರಮನೆಯು ಹೊಣೆಯಲ್ಲ" ಎಂಬ ಮಾತು ಪಲ್ಲವಿಯಂತೆ ಬರುತ್ತಿತ್ತು. ಎಣ್ಣೆ ಚೆಲ್ಲಿದರೆ ಹೊಣೆಯಲ್ಲ, ಗಿಣಿ ಕಚ್ಚಿದರೆ ಹೊಣೆಯಲ್ಲ, ಗಿಣಿಗೆ ತಲೆಕೆಟ್ಟು ಅತ್ತೆಯ ಮುಂದೆ ಸೊಸೆಯ ಮಾತು ಹೇಳಿದರೆ ಖಂಡಿತ ಹೊಣೆಯಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಚಪ್ಪಾಳೆ ತಟ್ಟಿ ಪಲ್ಲವಿ ಎತ್ತಿಕೊಂಡರು. ಒಬ್ಬ ಅಜ್ಜಿ ಕಣ್ಣೊರಸಿಕೊಂಡು, "ಪಾಪ, ಯಾವುದಕ್ಕೂ ಹೊಣೆಯಿಲ್ಲದ ದೊರೆ" ಎಂದಳು.

ಸುದ್ದಿ ಮಹಾರಾಜನಿಗೆ ಮುಟ್ಟಿತು. ಏಳನೆಯ ದಿನ ಅವನೇ ಪಲ್ಲಕ್ಕಿಯಲ್ಲಿ ಬಂದು, ಬೆಳ್ಳಿಯ ಕುರ್ಚಿಯಲ್ಲಿ ಕುಳಿತನು. ಪಕ್ಕದಲ್ಲಿ ಮಂದಹಾಸರಾಯ ನಿಂತಿದ್ದನು. ಮಂಟಪದ ಸುತ್ತ ಊರಿಗೆ ಊರೇ ನೆರೆದಿತ್ತು.

ಶಿತಿಕಂಠಯ್ಯನವರ ಗಂಟಲು ಒಡೆದಿತ್ತು; ಮನಸ್ಸು ಮಾತ್ರ ಹಗುರವಾಗಿತ್ತು. ನಾಳೆ ಸಂಜೆ ಕಂಚಿನ ದೀಪಕ್ಕೆ ಎಣ್ಣೆ ತುಂಬಿ, "ನೋಡಿದೆಯಾ, ಏಳುನೂರು ಓಲೆ ಓದಿ ನಿನ್ನ ದೀಪ ಉಳಿಸಿಕೊಂಡೆ" ಎಂದು ಅವಳಿಗೆ ಹೇಳಬೇಕೆಂದುಕೊಂಡಿದ್ದರು. ಆರುನೂರ ತೊಂಬತ್ತೊಂಬತ್ತು ಮುಗಿಯಿತು. ಕೊನೆಯ ಓಲೆಯ ನೆತ್ತಿಯಲ್ಲಿ "ಫಲಶ್ರುತಿ" ಎಂದಿತ್ತು.

ಕೇಳಿದವರಿಗೆ ಸಿಗುವ ಫಲವನ್ನು ಹೇಳದೆ ಯಾವ ಪಾರಾಯಣವೂ ಮುಗಿಯುವುದಿಲ್ಲ. ಅದನ್ನು ಎರಡು ಸಲ ಓದುವುದು ಅವರ ಮನೆತನದ ವಾಡಿಕೆ. ಮೊದಲನೆಯದು ರಾಗಕ್ಕೆ, ಎರಡನೆಯದು ಅರ್ಥಕ್ಕೆ. ಕಣ್ಣು ಅರ್ಧ ಮುಚ್ಚಿಕೊಂಡು, ಉಳಿದ ಉಸಿರನ್ನೆಲ್ಲ ಕೂಡಿಸಿ ಅವರು ಎತ್ತರದ ದನಿಯಲ್ಲಿ ಹಾಡಿದರು:

"ಈ ಸಂಹಿತೆಯನ್ನು ಯಾರು ಕಿವಿಯಾರೆ ಕೇಳುತ್ತಾರೋ ಅವರೆಲ್ಲರೂ ಒಪ್ಪಿದವರಾಗುತ್ತಾರೆ. ಅವರಿಂದ ಬೇರೆ ಹೆಬ್ಬೆಟ್ಟು ಬೇಕಾಗುವುದಿಲ್ಲ."

ಜನ ಭಕ್ತಿಯಿಂದ ಕೈಮುಗಿದರು. ಎರಡನೆಯ ಸಲ ಓದುವಾಗ "ಒಪ್ಪಿದವರಾಗು" ಎಂಬಲ್ಲಿಗೆ ಅವರ ರಾಗ ನಿಂತುಹೋಯಿತು.

"ಅಯ್ನೋರೇ, ಯಾಕೆ ನಿಂತ್ರಿ? ಅರ್ಥ ಹೇಳಿ" ಎಂದಳು ನಂಜವ್ವ. ಆಮೇಲೆ ಅವಳಿಗೇ ಅರ್ಥವಾಯಿತು. ತಾನು ಆಗಲೇ ಗಿಣಿದೀಪದವಳೆಂಬುದನ್ನೂ ಮರೆತು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಮುನ್ನೂರು ಮನೆಯವರೂ ಮುಚ್ಚಿಕೊಂಡರು. ಏಳು ದಿನ ತಡವಾಗಿತ್ತು.

ಮಹಾರಾಜನು ಕುರ್ಚಿಯಿಂದ ಎದ್ದೇಬಿಟ್ಟನು. "ಮಂದಹಾಸ! ಈ ಮುನ್ನೂರು ಮನೆಗಳನ್ನು ಒಪ್ಪಿಸುವುದಕ್ಕೆ ಮೂರು ವರ್ಷ ಬೇಕೆಂದಿದ್ದೆಯಲ್ಲ!"

"ತಮ್ಮ ಪುಣ್ಯವಿಶೇಷದಿಂದ ಏಳು ದಿನ ಸಾಕಾಯಿತು, ಪ್ರಭೂ. ಅವಲಕ್ಕಿ ಕೂಡ ಅವರದೇ."

ಶಿತಿಕಂಠಯ್ಯನವರು ಪೀಠದಿಂದ ಇಳಿದು ಬಂದರು. "ನಾನು ಪೂರ್ತಿ ಓದಿದ್ದೇನೆ. ಓದಿದವನಿಗೆ ಹಕ್ಕಿದೆ ಎಂದಿದ್ದಿರಿ. ನಾನು ಒಲ್ಲೆ."

"ಹಕ್ಕಿದೆ, ಪೂಜ್ಯರೇ, ಇಲ್ಲವೆಂದವರಾರು?" ಮಂತ್ರಿಯ ಮಂದಹಾಸ ಒಂದು ಕೂದಲಷ್ಟೂ ಕದಲಲಿಲ್ಲ. "ಆದರೆ ತಾವು ಕೇಳಿಯೂ ಇದ್ದೀರಿ. ತಮ್ಮ ಬಾಯಿ ಹೇಳಿದ್ದನ್ನು ತಮ್ಮ ಕಿವಿ ಕೇಳಿದೆ. ತುಟಿ ಮುಚ್ಚಿಕೊಂಡು ಓದಿದ್ದರೆ ತಾವೊಬ್ಬರು ಪಾರಾಗುತ್ತಿದ್ದಿರಿ."

ಮಹಾರಾಜನು ತನ್ನ ಕೈಯಾರೆ ಅವರಿಗೆ ಜರಿಶಾಲು ಹೊದಿಸಿ, "ಒಪ್ಪಿಗೆ ಶಿರೋಮಣಿ" ಎಂಬ ಬಿರುದು ಕೊಟ್ಟನು. ತಾನು "ಸರ್ವಸಮ್ಮತ ಚಕ್ರವರ್ತಿ" ಎಂಬ ಏಳನೆಯ ಬಿರುದನ್ನು ಇಟ್ಟುಕೊಂಡು, ಕಿರೀಟದ ತುದಿಗೆ ಪಚ್ಚೆಯ ಗಿಣಿಯೊಂದನ್ನು ಕೂರಿಸಿಕೊಂಡನು. ಅಂದಿನಿಂದ ಸ್ಕಿಪ್ ಎನ್ನುವವರು ಆರು ಬಿರುದು ಕೇಳಬೇಕಾಯಿತು.

ಮರುದಿನ ಬೆಳಿಗ್ಗೆ ಉಗ್ರಾಣದವರು ತುಂಗಮ್ಮನ ದೀಪಕ್ಕೆ ಬಂದರು. ಅದರ ಅಂಚಿನಲ್ಲಿ ಒಂದು ತಗ್ಗಿತ್ತು; ಒಂದು ಸಲ ಇವರ ಮೇಲಿನ ಸಿಟ್ಟಿಗೆ ಅವಳು ಅದನ್ನು ಕುಕ್ಕಿದಾಗ ಆದದ್ದು. "ಇವತ್ತು ಸಂಜೆಯವರೆಗೆ ಬಿಡಿ, ಅಪ್ಪ" ಎಂದರು ಶಿತಿಕಂಠಯ್ಯನವರು. ಬಂದವನು ಪಟ್ಟಿ ನೋಡಿ, "ಇದಕ್ಕೆ ಬೆಂಬಲ ನಿಂತಿದೆ ಯಜಮಾನರೇ" ಎಂದು ದೀಪವನ್ನು ಚೀಲಕ್ಕೆ ಹಾಕಿಕೊಂಡನು. ಅದರ ಜಾಗದಲ್ಲಿ ಗಿಣಿದೀಪ ಬಂದು ನಿಂತಿತು.

ಸಂಜೆ ತಿಥಿಯ ಕೆಲಸವೆಲ್ಲ ಮುಗಿಸಿ ಅವರು ದೇವರ ಮುಂದೆ ಕುಳಿತರು. "ಬೆಳಗು" ಎಂದರು. ಏಳು ಬಿರುದುಗಳನ್ನೂ ಕೇಳಿದರು. ದೀಪ ಹೊತ್ತಿತು. ಗಿಣಿ ಕತ್ತು ವಾರೆ ಮಾಡಿ, "ಹೇಳಿರಿ, ಕೇಳಿಸಿಕೊಳ್ಳುತ್ತಿದ್ದೇನೆ" ಎಂದಿತು.

ಶಿತಿಕಂಠಯ್ಯನವರ ನಾಲಗೆಯ ತುದಿಗೆ ಮಾತು ಬಂದಿತ್ತು. ತಡೆದುಕೊಂಡರು. ಗಿಣಿ ಮತ್ತೊಮ್ಮೆ ಕೇಳಿತು. ಅವರು ಕಣ್ಣುಮುಚ್ಚಿ, ತುಟಿ ಬಿಗಿದು, ಎಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಸಲ ಸದ್ದಿಲ್ಲದೆ ಮಾತಾಡಿದರು. ಮೊದಮೊದಲು ತುಂಗಮ್ಮನಿಗೆ ಕೇಳಿಸುತ್ತದೋ ಇಲ್ಲವೋ ಎಂಬ ಸಂಶಯ ಬಂತು. ದೀಪ ಕಳೆದದ್ದನ್ನು ಹೇಳಿದರು. ಊರನ್ನೆಲ್ಲ ಸಿಕ್ಕಿಸಿದ್ದನ್ನು ಹೇಳಿದರು. "ನಿಮ್ಮ ರಾಗಕ್ಕೆ ಬೆಂಕಿ ಹಾಕ" ಎಂದು ಅವಳು ಬೈದದ್ದು ಸ್ಪಷ್ಟವಾಗಿ ಕೇಳಿಸಿತು. ಆಗ ಸಂಶಯ ಹೋಯಿತು.

ಈ ವಿದ್ಯೆಯನ್ನು ಅವರು ನಂಜವ್ವನಿಗೆ ಸನ್ನೆಯಲ್ಲೇ ಕಲಿಸಿದರು. ಅವಳಿಗೆ ಬಾಯಿ ಮುಚ್ಚುವುದು ಕಲಿಯಲು ಹದಿನೈದು ದಿನ ಹಿಡಿಯಿತು. ಅವಳಿಂದ ಬೀದಿ ಕಲಿಯಿತು, ಬೀದಿಯಿಂದ ಊರು. ಅರಮನೆಗೆ ಹೋದ ಗಿಣಿಗಳು ತಂದದ್ದು ಒಂದೇ ವರದಿ: "ಮಾತಿಲ್ಲ."

ಮಹಾರಾಜನು ಕಳವಳಗೊಂಡನು. ಮಂದಹಾಸರಾಯನು ಸಮಾಧಾನ ಹೇಳಿದನು. "ಪ್ರಭೂ, ಪ್ರಜೆಗಳು ತಾವಾಗಿಯೇ ಪ್ರೀಮಿಯಂ ಸೇವೆಯನ್ನು ಬಳಸತೊಡಗಿದ್ದಾರೆ. ಅದಕ್ಕೊಂದು ಹೆಸರಿಟ್ಟರೆ ಆಯಿತು." ಹೀಗೆ ಮೌನಸುಂಕ ಬಂತು. ಗಿಣಿಯ ಮುಂದೆ ಮಾತಾಡದೆ ಕಳೆದ ಪ್ರತಿ ಸಂಜೆಗೂ ಮನೆಯೊಂದಕ್ಕೆ ಒಂದು ಕುಪ್ಪಿ ಎಣ್ಣೆ.

ಊರು ಗೊಣಗದೆ ಕಟ್ಟಿತು. ಗೊಣಗಿದ್ದರೆ ಅದು ಮಾತಾಗುತ್ತಿತ್ತು. ನಂಜವ್ವನ ಗಾಣವನ್ನು ಅರಮನೆಯೇ ಬಾಡಿಗೆಗೆ ಹಿಡಿಯಿತು. ತಿರುಗಿಸುವವಳು ಅವಳೇ, ಕುಪ್ಪಿಗೆ ಮುದ್ರೆ ಅರಮನೆಯದು. ಒಂದು ದಿನ ಸುಂಕದ ಕಟ್ಟೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು, ಜರಿಶಾಲು ಹೊದ್ದು, ಎರಡು ಕುಪ್ಪಿ ಹಿಡಿದು ಶಿತಿಕಂಠಯ್ಯನವರು ನಿಂತಿದ್ದರು.

"ನಿಮ್ಮದು ಒಂದೇ ಅಲ್ಲವೇ ಯಜಮಾನರೇ?" ಎಂದು ಗುಮಾಸ್ತ ಪಟ್ಟಿ ನೋಡಿ ಕೇಳಿದನು.

ಶಿತಿಕಂಠಯ್ಯನವರು ಎರಡು ಬೆರಳು ತೋರಿಸಿದರು. ತುಂಗಮ್ಮನೂ ಸಂಜೆಯೆಲ್ಲ ಗಿಣಿಗೆ ಕೇಳಿಸದಂತೆಯೇ ಮಾತಾಡಿದ್ದಳಲ್ಲ. ಅರ್ಥವಾಗದೆ ಗುಮಾಸ್ತನು ಎರಡನೆಯದನ್ನು ಪಟ್ಟಿಯಲ್ಲಿದ್ದ ತುಂಗಮ್ಮನ ಹೆಸರಿಗೆ ಬರೆದುಕೊಂಡನು. ಮರುದಿನದಿಂದ ಆ ರಾಜ್ಯದಲ್ಲಿ ತೀರಿಹೋದವರ ಹೆಸರಿನಲ್ಲೂ ಸುಂಕ ಸಲ್ಲತೊಡಗಿತು.