ಬಾರದ ಮಿಡತೆಯ ವರದಿ

ಬಹ್ಗತ್ ಕುರ್ಚಿಯಲ್ಲಿ ಕೂರುವ ಮೊದಲೇ ಮೇಜಿನ ಮೇಲೆ ಸುತ್ತೋಲೆ ಬಂದು ಕೂತಿತ್ತು: 'ನಿಮ್ಮ ಕಚೇರಿಯಲ್ಲಿ ಕೆಲಸಕ್ಕೆ ಬಾರದ ವರದಿ ಯಾವುದೆಂದು ಇಂದೇ ತಿಳಿಸಿ. ರದ್ದುಪಡಿಸಲಾಗುವುದು.'

ಕೈರೋದ ಆ ಕೃಷಿ ಕಚೇರಿಯಲ್ಲಿ ಅವನಿಗಿದ್ದದ್ದು ಒಂದೇ ಕೆಲಸ. ವಾರವಾರವೂ 'ಮಿಡತೆ ಕಂಡುಬಂದಿಲ್ಲ' ಎಂದು ಬರೆದು, ಮೊಹರು ಒತ್ತಿ ಮೇಲಕ್ಕೆ ಕಳಿಸುವುದು. ಕೆಲಸಕ್ಕೆ ಸೇರಿದಂದಿನಿಂದ ಒಂದು ಮಿಡತೆಯೂ ಆ ಕಡೆ ಸುಳಿದಿರಲಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅಷ್ಟರಲ್ಲಿ ಮನೆಗೆ ಅಟ್ಟಿದರೆ ಗತಿ?

ಪಕ್ಕದ ಮೇಜಿನಲ್ಲಿ ಮದಾಮ್ ಇನ್ಸಾಫ್ ಮಧ್ಯಾಹ್ನದ ಅಡುಗೆಗೆ ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದಳು. ಅವಳದು ಮಸಿಕುಡಿಕೆಗಳ ವರದಿ. ಕಚೇರಿಯಲ್ಲಿ ಮಸಿಕುಡಿಕೆ ಮಾಯವಾಗಿ ಯಾವ ಕಾಲವಾಗಿತ್ತೋ!

"ಉಸ್ತಾದ್, ಇದು ಬಲೆ ಕಣ್ರೀ," ಎಂದು ಪಿಸುಗುಟ್ಟಿದಳು. "ಸರ್ಕಾರ ಯಾವತ್ತಾದ್ರೂ ಕೆಲಸ ಕಮ್ಮಿ ಮಾಡಿದ್ದುಂಟಾ? ಇವತ್ತು ವರದಿ ತೆಗೀತಾರೆ, ನಾಳೆ ಕುರ್ಚಿ, ನಾಡಿದ್ದು ನಿಮ್ಮನ್ನ!"

"ನಂಗೂ ಅದೇ ಅನುಮಾನ. ಈಗೇನ್ಮಾಡ್ಲಿ, ತಾಯಿ?"

"ಮಿಡತೆ ಬಂತು ಅಂತ ಬರೀರಿ."

"ಒಂದು ಮಿಡತೆ ಅಂತ ಬರೀಲಾ?"

"ಒಂದಕ್ಕೆ ಯಾರು ಹೆದರ್ತಾರೆ? ದಂಡು ಅನ್ನಿ! ಸಾಕ್ಷಿಗೆ ನಾನು ಸಹಿ ಹಾಕ್ತೀನಿ."

ಬಹ್ಗತ್ ಬರೆದು ಕಳಿಸಿದ. ಇಷ್ಟು ವರ್ಷ ಯಾರೂ ಓದದ ವರದಿಯನ್ನು ಅಂದು ಯಾರೋ ಓದಿಬಿಟ್ಟರು. ಫೋನು ಬಡಿದುಕೊಂಡಿತು.

"ದಂಡು ಯಾವ ಕಡೆಯಿಂದ ಬಂತ್ರೀ?"

"ಪ... ಪಶ್ಚಿಮದಿಂದ!"

ಹೊತ್ತು ನೆತ್ತಿಗೇರುವಷ್ಟರಲ್ಲಿ ಮಿಡತೆ ಔಷಧಿಯ ಲಾರಿ ಅಂಗಳಕ್ಕೆ ನುಗ್ಗಿ, ಪುಡಿ ಎರಚಿ, ಕಚೇರಿಯವರನ್ನೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಮಾಡಿಬಿಟ್ಟಿತು. ಅದರ ಹಿಂದೆಯೇ ಕೆಮ್ಮುತ್ತ ಬಂದರು ವರದಿ ರದ್ದತಿ ಸಮಿತಿಯ ರಮ್ಜಿ ಸಾಹೇಬರು.

"ಭೇಷ್, ಉಸ್ತಾದ್! ರದ್ದಿನ ಪಟ್ಟೀಲಿ ನಿಮ್ಮ ವರದೀನೇ ಮೊದಲಿತ್ತು. ಕಚೇರಿಗೊಬ್ಬರಂತೆ ಪೂರ್ತಿ ಪಿಂಚಣಿ ಕೊಟ್ಟು ಇವತ್ತೇ ಮನೆಗೆ ಕಳಿಸೋದಿತ್ತು. ಸದ್ಯ, ಮಿಡತೆ ಬಂದು ದೇಶ ಉಳೀತು!"

ಬಹ್ಗತ್‌ಗೆ ಅಳುವೇ ಬಂತು. "ಮಿಡತೆ ಬಂದಿಲ್ಲ ಸಾಹೇಬ್ರೆ! ದೇವರಾಣೆ ಬಂದಿಲ್ಲ!"

"ಸುಳ್ಳು ವರದಿನಾ? ಜೈಲಾಗುತ್ತೆ, ಗೊತ್ತಲ್ಲ?"

"...ಬಂದಿದೆ, ಸಾಹೇಬ್ರೆ."

"ಹಾಗೆ ಹೇಳಿ. ನಾಳೆಯಿಂದ ಪಶ್ಚಿಮದ ಮರಳುಗಾಡಿಗೆ ಹೊರಡಿ. ದಿನಕ್ಕೆ ಮೂರು ವರದಿ ಕಳಿಸಬೇಕು."

ಬಹ್ಗತ್ ದಿಕ್ಕುಗಾಣದೆ ಪಕ್ಕಕ್ಕೆ ತಿರುಗಿದ. ಮೇಜು ಖಾಲಿಯಾಗಿತ್ತು.

"ಮದಾಮ್ ಇನ್ಸಾಫ್ ಎಲ್ಲಿ?"

"ಪಿಂಚಣಿ ತಗೊಂಡು ಮನೆಗೆ ಹೋದ್ರು. ನಿಮ್ಮದು ಬಿಟ್ಟರೆ ಪಟ್ಟೀಲಿ ಮುಂದಿನ ವರದಿ ಅವರದೇ ಇತ್ತಲ್ಲ," ಎಂದರು ಸಾಹೇಬರು. "ಅವರ ತಮ್ಮನೇ ಅಲ್ವಾ ಸುತ್ತೋಲೆ ಬರೆದಿದ್ದು! ನಿಮಗೆ ಹೇಳ್ಲಿಲ್ವಾ?"